ತೊಳೆದ ಪಕ್ಕು

ಶನಿವಾರ ಮಧ್ಯಾಹ್ನ ಎರಡೂವರೆಗೆ, ಮನೆಗೆ ಬಂದ ಮೂವರ ಎದುರಿಗೆ, ನಾಗಾರ್ಜುನ ತನ್ನ ತಾಯಿಯ ಹೆಸರು ಹೇಮಾವತಿ ಅಂತ ಹೇಳಿದ. ಅವಳ ಹೆಸರು ಹುಚ್ಚಮ್ಮ. ಅವಳು ಅವನ ಪಕ್ಕದಲ್ಲೇ ನಿಂತಿದ್ದಳು.

ಹೇಳಿದ ಮೇಲೆ ಏನೂ ಆಗಲಿಲ್ಲ. ಸಾಂಟಾ ಕ್ಲಾರಾದ ಆ ಟೌನ್‌ಹೌಸಿನ ಸೂರು ಕುಸಿಯಲಿಲ್ಲ, ಒಲೆಯ ಮೇಲಿದ್ದ ಕಾಫಿಯ ಹಾಲು ಒಡೆಯಲಿಲ್ಲ. ಆಫೀಸಿನ ಗೆಳೆಯ ಪ್ರದ್ಯುಮ್ನ ಒಂದು ಕಾಲಿನಿಂದ ಇನ್ನೊಂದು ಕಾಲಿನ ಶೂ ತುಳಿದು ಬಿಚ್ಚುತ್ತಿದ್ದ. ಅವನ ಹೆಂಡತಿ ಮೈಥಿಲಿ ಎಲ್ ಕಮೀನೋ ರಸ್ತೆಯ ಅಂಗಡಿಯಿಂದ ತಂದ ಕೋಡುಬಳೆ ಪೊಟ್ಟಣವನ್ನು ಮೇಜಿನ ಮೇಲಿಟ್ಟು "ನಮಸ್ಕಾರ ಆಂಟಿ" ಅಂದಳು. ಪ್ರದ್ಯುಮ್ನನ ತಂದೆ ವೆಂಕಟಾಚಲ, ಬೆಂಗಳೂರಿನಿಂದ ಮಗನ ಮನೆಗೆಂದು ಬಂದಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು, ಎರಡೂ ಕೈ ಜೋಡಿಸಿ, "ಹೇಮಾವತಿ! ಹೊಳೆಯ ಹೆಸರು. ಬಹಳ ಸಂತೋಷ," ಅಂದರು. ಹುಚ್ಚಮ್ಮನೂ ಕೈ ಜೋಡಿಸಿದಳು. ಮೆಟ್ಟಿಲ ಮೇಲೆ ಕೂತಿದ್ದ ಮಗಳು ಗಾರ್ಗಿ, ಹನ್ನೆರಡರವಳು, ಫೋನಿನಿಂದ ತಲೆಯೆತ್ತಿ "ಡ್ಯಾಡ್, ದಟ್ಸ್ ನಾಟ್..." ಅಂದಳು. ನಾಗಾರ್ಜುನ ಅವಳತ್ತ ನೋಡಿದ. ಆ ನೋಟದಲ್ಲಿ ಏನಿತ್ತೋ, ಮಗು ಉಳಿದ ಮಾತನ್ನು ನುಂಗಿಕೊಂಡಿತು. ಅಷ್ಟೇ. ನಾಲಿಗೆಯಿಂದ ಒಂದು ಹೆಸರು ಜಾರಿತು, ಇನ್ನೊಂದು ಒಳಗೇ ಉಳಿಯಿತು. ಅವನ ಎದೆಯೊಳಗೆ ತಂಪಾದದ್ದೇನೋ ಇಳಿದು, ಇಷ್ಟಕ್ಕಾ ನಾನು ಅಮ್ಮ ಊರಿಂದ ಬಂದ ಈ ಎರಡು ವಾರ ಎದೆ ಹಿಡಿದುಕೊಂಡು ಓಡಾಡಿದ್ದು ಅನ್ನಿಸಿತು.

ಹೆಸರು ಬದಲಾಯಿಸುವ ಯೋಚನೆ ಮೊದಲೇನೂ ಇರಲಿಲ್ಲ. ಬೆಳಿಗ್ಗೆ ದೋಸೆ ಹುಯ್ಯುತ್ತ ನಿಂತಿದ್ದ ತಾಯಿಗೆ ಅವನು ಹೇಳಿದ್ದು ಇಷ್ಟೇ: "ಅಮ್ಮ, ಅವರು ಬಂದಾಗ ಜಾಸ್ತಿ ಮಾತಾಡಬೇಡ. ಹೂಂ, ಇಲ್ಲ, ಅಷ್ಟು ಸಾಕು. ಆಮೇಲೆ ಆ ಬುದ್ಧಿ ಗಿದ್ಧಿ ಅನ್ನೋದೆಲ್ಲ ಬೇಡ." ಮೇಲಿನ ಜಾತಿಯವರು ಎದುರಾದರೆ ಅವರ ಕೇರಿಯ ಬಾಯಿಂದ ಕೆಮ್ಮಿನಷ್ಟು ಸಲೀಸಾಗಿ ಬರುತ್ತಿದ್ದ ಮಾತು ಅದು. ಬನ್ನಿ ಬುದ್ಧಿ, ತಪ್ಪಾಯ್ತು ಬುದ್ಧಿ. "ಅದ್ಯಾಕ್ಲಾ ಮಗ, ನಂಗೇನು ಅಮೇರಿಕದೋರ್ನೆಲ್ಲ ಬುದ್ಧಿ ಅನ್ನೋ ಚಟ್ವಾ?" ಅಂತ ಹುಚ್ಚಮ್ಮ ದೋಸೆ ಮಗುಚಿದ್ದಳು. ಅವಳಿಗೆ ಎಪ್ಪತ್ತೊಂದು. ಹಿಂದೆ ಮೂರು ಕೂಸುಗಳು ಹೋದ ಮೇಲೆ ಹುಟ್ಟಿದವಳು, ಸಾವಿಗೂ ಬೇಡವಾಗಲಿ ಅಂತ ಅಜ್ಜಿ ಇಟ್ಟ ಹೆಸರು. ಸಾವನ್ನೇ ಬಾಗಿಲಿನಿಂದ ಓಡಿಸಿದ ಹೆಸರು ಮಗನ ಮನೆಯ ಹೊಸ್ತಿಲು ದಾಟಲಾರದೇ ಹೋಯಿತು. ನಾಗಾರ್ಜುನನ ಹೆಂಡತಿ ವಿಭಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಶನಿವಾರವೂ ಜೀವಕೋಶಗಳಿಗೆ ಊಟ ಹಾಕಬೇಕು ಅಂತ ಹೊರಟಿದ್ದವಳು, ಗಂಡ ತಾಯಿಗೆ ಪಾಠ ಹೇಳುವುದನ್ನು ಕೇಳಿ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನೀನು ಈ ನಾಟಕ ಆಡೋ ಹೊತ್ತಿಗೆ ನಾನು ಮನೇಲಿ ಇರಲ್ಲ ನಾಗ. ನಂಗೆ ನಗು ಬಂದ್ಬಿಡುತ್ತೆ, ಇಲ್ಲ ಅಳು ಬರುತ್ತೆ," ಅಂದು ಹೋಗಿದ್ದಳು.

ವೆಂಕಟಾಚಲ ಸೋಫಾದಲ್ಲಿ ಕೂತು ಕೋಡುಬಳೆಯನ್ನು ಎರಡು ತುಂಡು ಮಾಡಿದರು. "ಮೈಸೂರಲ್ಲಿ ಯಾವ ಕಡೆ ನಿಮ್ಮದು?" ಸರಸ್ವತಿಪುರಂ ಹತ್ತಿರ ಅಂದ ನಾಗಾರ್ಜುನ. ಹತ್ತೊಂಬತ್ತು ವರ್ಷದಿಂದ ಇದೇ ಉತ್ತರ. 'ಹತ್ತಿರ' ಎಂಬ ಆ ಮಾತಿನೊಳಗೆ ಒಂದೂವರೆ ಮೈಲಿ ದೂರವೂ ಎರಡು ಸಾವಿರ ವರ್ಷವೂ ಮಂಡಿ ಮಡಚಿ ಕೂತಿದ್ದವು. ಕೇಳಿದವರು ಯಾರೂ ಅದನ್ನು ಬಿಡಿಸಿ ನೋಡಿರಲಿಲ್ಲ. ನೋಡಲು ಹೊರಟವರಿಗೆ ಅವನು ಕಾಫಿ ಕೊಡುತ್ತಿದ್ದ, ಇಲ್ಲವೇ ಬೆನ್ನು ತಟ್ಟುತ್ತಿದ್ದ. ತಿರುಗಿ ಅವನ ಬೆನ್ನು ತಟ್ಟಿದ ಕೆಲವರು ಭುಜದ ಹತ್ತಿರ ಬೆರಳನ್ನು ಒಂದು ಕ್ಷಣ ಹೆಚ್ಚು ಊರಿ, ಅಂಗಿಯ ಕೆಳಗೆ ದಾರ ಸಿಗುತ್ತದೇನೋ ಅಂತ ತಡಕಿದ್ದೂ ಉಂಟು. ಅಂಥಾ ಬೆರಳನ್ನು ಅವನ ಭುಜ ನಿದ್ದೆಯಲ್ಲೂ ಗುರುತು ಹಿಡಿಯಬಲ್ಲದು. ಪ್ರದ್ಯುಮ್ನನ ಬೆರಳು ಹಾಗೆ ತಡಕಿರಲಿಲ್ಲ, ಅಷ್ಟರ ಮಟ್ಟಿಗೆ ಅವನು ಒಳ್ಳೆಯವನು. ಆದರೆ ಆಫೀಸಿನಲ್ಲಿ ನಾಗಾರ್ಜುನನ ಬಡ್ತಿಯ ಕಡತ ಮುಂದಿನ ತಿಂಗಳು ಯಾರ ಮೇಜಿಗೆ ಹೋಗುತ್ತದೋ ಆ ಮೇಜಿನ ಸುತ್ತ ಕೂರುವ ಮೂವರಲ್ಲಿ ಒಬ್ಬ ಅವನೇ. ಅಲ್ಲದೆ ಈ ಬೇ ಏರಿಯಾದ ಕನ್ನಡದ ಹದಿನೆಂಟು ಮನೆಗಳ ಹಬ್ಬದೂಟ, ಹುಟ್ಟುಹಬ್ಬ, ಕಾರು ಕೆಟ್ಟಾಗ ಬರುವ ಫೋನು, ಎಲ್ಲಕ್ಕೂ ಬಾಗಿಲು ಅವನ ಮನೆಯೇ. "ನಾಳೆ ಲಿವರ್‌ಮೋರ್ ದೇವಸ್ಥಾನಕ್ಕೆ ಆಂಟೀನ ನಮ್ಮ ಕಾರಲ್ಲೇ ಕರ್ಕೊಂಡು ಹೋಗ್ತೀವಿ. ಮಾವನಿಗೂ ಕಂಪನಿ ಆಗುತ್ತೆ," ಅಂದಳು ಮೈಥಿಲಿ. "ಹೂಂ," ಅಂದಳು ಹುಚ್ಚಮ್ಮ. ಹೇಳಿಕೊಟ್ಟದ್ದನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು.

"ಕಾಫಿ ಆಮೇಲೆ ಗುರು, ಮೊದ್ಲು ದರ್ಶನ," ಅಂದ ಪ್ರದ್ಯುಮ್ನ. ದರ್ಶನವೆಂದರೆ ಗ್ಯಾರೇಜು. ಅಡುಗೆಮನೆಯ ಬಾಗಿಲು ತೆರೆದು ಎರಡು ಮೆಟ್ಟಿಲು ಇಳಿದರೆ ಎಡಗಡೆ ಕಾರು, ಬಲಗಡೆ ವಾಷಿಂಗ್ ಮೆಷಿನ್ನು, ಅದರ ಪಕ್ಕ ಒಂದು ಪ್ಲಾಸ್ಟಿಕ್ ಸಿಂಕು. ಎದುರಿನ ಗೋಡೆಗೆ ಗಾಜಿನ ಬಾಗಿಲಿನ ಕಪಾಟು, ಒಳಗೆ ಪುಟ್ಟ ದೀಪಗಳು, ಸಾಲಾಗಿ ಇಪ್ಪತ್ತಮೂರು ಪಕ್ಕುಗಳು. ಮಂಜುಗಡ್ಡೆಯ ಹಾಕಿಯಲ್ಲಿ ಚೆಂಡಿನ ಬದಲು ಹೊಡೆದಾಡುವ ಕಪ್ಪು ರಬ್ಬರಿನ ಬಿಲ್ಲೆಗಳು, ಅಂಗೈಯಗಲ, ಬೆರಳು ದಪ್ಪ. ಮೊದಲ ದಿನ ನೋಡಿದಾಗ ಹುಚ್ಚಮ್ಮ, "ಇದೇನ್ಲಾ, ಬಾಗ್ಲು ಹಾಕ್ಕೊಳ್ದಂಗೆ ಒತ್ತು ಕೊಡೋ ರಬ್ಬರಾ? ಇಷ್ಟ್ಯಾಕ್ ತಂದಿದ್ದೀಯ, ಇರೋದು ಆರ್ ಬಾಗ್ಲು," ಅಂದಿದ್ದಳು. ಅಂಗಡಿಯಲ್ಲಿ ಸಿಗುವ ಹೊಸ ಪಕ್ಕುಗಳಲ್ಲ ಇವು. ಪಂದ್ಯದಲ್ಲಿ ನಿಜವಾಗಿ ಏಟು ತಿಂದವು. ಪಂದ್ಯ ಮುಗಿದ ಮೇಲೆ ತಂಡದವರೇ ಒಂದೊಂದಕ್ಕೂ ಮಿರುಗುವ ಒಂದು ಸಣ್ಣ ಚೀಟಿ ಅಂಟಿಸಿ ಮಾರುತ್ತಾರೆ. ಚೀಟಿಯ ಮೇಲಿನ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಯಾವ ದಿನ, ಯಾರ ಮೇಲೆ, ಎಷ್ಟನೇ ನಿಮಿಷದಲ್ಲಿ ಇದು ಮಂಜಿನ ಮೇಲಿತ್ತು ಅನ್ನುವುದೆಲ್ಲ ಬರುತ್ತದೆ. ಆಮೇಲೆ ಅದನ್ನು ಒರೆಸಕೂಡದು, ತೊಳೆಯಕೂಡದು, ಬರಿಗೈಯಲ್ಲಿ ಮುಟ್ಟಕೂಡದು. ಕೋಲಿನ ಪಟ್ಟಿಯ ಅಂಟು, ಅಂಚಿನಲ್ಲಿ ಕಿತ್ತ ಚೂರು, ಪಕ್ಕದ ಹಲಗೆಗೆ ಬಡಿದು ಮೆತ್ತಿಕೊಂಡ ಬಿಳಿ ಬಣ್ಣ, ಆ ಕೊಳೆಯೇ ಅದರ ಬೆಲೆ.

ಇದನ್ನೆಲ್ಲ ಯಾಕೆ ಕೂಡಿಡುತ್ತೀ ಅಂತ ಕೇಳಿದವರಿಗೆ ಅವನು ಇನ್ವೆಸ್ಟ್‌ಮೆಂಟು ಅನ್ನುತ್ತಿದ್ದ. ವಿಭಾಳಿಗೂ ಹಾಗೇ ಹೇಳಿದ್ದ. ನಿಜ ಬೇರೆ. ಅಮೇರಿಕಕ್ಕೆ ಬಂದ ಎರಡನೇ ಚಳಿಗಾಲ, ಸ್ಯಾನ್ ಹೋಸೆಯ ಅಂಗಣದಲ್ಲಿ ಅಗ್ಗದ ಟಿಕೆಟ್ಟು ಕೊಂಡು ಒಬ್ಬನೇ ಕೂತಿದ್ದಾಗ, ಬಲೆ ದಾಟಿ ಹಾರಿಬಂದ ಪಕ್ಕು ಮುಂದಿನ ಸೀಟಿಗೆ ಬಡಿದು ಅವನ ಕಾಲಿನ ಸಂದಿಗೆ ಉರುಳಿತ್ತು. ಎತ್ತಿಕೊಂಡ. ಐಸಿನಷ್ಟು ತಣ್ಣಗೆ, ಅಂದುಕೊಂಡದ್ದಕ್ಕಿಂತ ಭಾರ. ಸುತ್ತಲಿನವರು ಹೋ ಅಂದರು, ಬಿಯರು ಹಿಡಿದ ಒಬ್ಬ ದಡಿಯ ಅವನ ಕೈಯನ್ನು ಮಣಿಕಟ್ಟು ಹಿಡಿದು ಮೇಲಕ್ಕೆತ್ತಿ ಎಲ್ಲರಿಗೂ ತೋರಿಸಿದ. ಹಿಂದಿನ ಸಾಲಿನ ಮುದುಕನೊಬ್ಬ "ಒಂದು ಸಲ ಹಿಡಿದುಕೊಳ್ಳಲಾ?" ಅಂತ ಕೇಳಿ, ಅವನ ಕೈಯಿಂದಲೇ ತೆಗೆದುಕೊಂಡು, ಹೆಬ್ಬೆರಳಲ್ಲಿ ಉಜ್ಜಿ, ತುಟಿಗೆ ಒತ್ತಿಕೊಂಡು ವಾಪಸು ಕೊಟ್ಟ. ಕೈಯಿಂದ ಕೈಗೆ. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಅವತ್ತು ಮನೆಗೆ ಹೋಗುವ ರೈಲಿನಲ್ಲಿ ಅವನು ಜೇಬಿನೊಳಗೆ ಆ ರಬ್ಬರನ್ನು ಮುಚ್ಚಿ ಹಿಡಿದು ಕೂತಿದ್ದ, ಎದುರಿನ ಹೆಂಗಸು ಆರ್ ಯೂ ಓಕೆ ಅಂತ ಕೇಳುವಷ್ಟು ಹೊತ್ತು.

"ಇದರ ಕುಲಗೋತ್ರ ಹೇಳಪ್ಪ," ಅಂದ ಪ್ರದ್ಯುಮ್ನ, ಮಧ್ಯದ ಅರೆಯಲ್ಲಿ ಒಂಟಿಯಾಗಿ ಕೂತಿದ್ದ ಪಕ್ಕಿನ ಎದುರು ಮೂಗು ಒತ್ತಿ. ಅವನು ಬಂದದ್ದೇ ಅದಕ್ಕೆ. ಹೆಚ್ಚುವರಿ ಆಟದಲ್ಲಿ ಫಿನ್ಲೆಂಡಿನ ಹುಡುಗನೊಬ್ಬ ಹೊಡೆದು, ಗೋಲಿನ ಕಂಬಕ್ಕೆ ತಾಗಿ ಒಳಗೆ ಹೋದ ಪಕ್ಕು. ಕಂಬದ ಕೆಂಪು ಬಣ್ಣ ಅದರ ಅಂಚಿಗೆ ಉಗುರಿನಷ್ಟು ಅಗಲ ಮೆತ್ತಿಕೊಂಡಿತ್ತು. ಆ ಉಗುರಗಲ ಕೆಂಪಿಗೆ ಪ್ರದ್ಯುಮ್ನ ತನ್ನ ಎರಡು ಪಕ್ಕುಗಳನ್ನು ಕೊಡಲು ತಯಾರಿದ್ದ. ನಾಗಾರ್ಜುನ ದಿನ, ನಿಮಿಷ, ಎದುರಾಳಿ, ಎಲ್ಲ ಒಪ್ಪಿಸಿದ. "ನೋಡಪ್ಪ, ಮೂಲ ಗೊತ್ತಿಲ್ದೆ ಇದ್ರೆ ಇದು ಬರೀ ರಬ್ಬರು," ಅಂತ ಪ್ರದ್ಯುಮ್ನ ತಂದೆಗೆ ವಿವರಿಸಿದ. ವೆಂಕಟಾಚಲ ನಕ್ಕರು. "ಪಕ್ಕಿಗೆ ಕುಲಗೋತ್ರ ಕೇಳ್ತಾನೆ. ಅದೇ ನಾನು ಮನುಷ್ಯರನ್ನ ಕೇಳಿದ್ರೆ, ಅಪ್ಪ ಹಳೇ ಕಾಲದೋರು, ಸುಮ್ನಿರಿ ಅಂತಾನೆ! ಅಲ್ವೇನ್ರಿ ಹೇಮಾವತಿಯವರೆ?" ಎಲ್ಲರೂ ನಕ್ಕರು. ನಾಗಾರ್ಜುನನೂ ನಕ್ಕ, ಎಲ್ಲರಿಗಿಂತ ಒಂದು ಗುಟುಕು ಹೆಚ್ಚೇ. ಅಡುಗೆಮನೆಯ ಮೆಟ್ಟಿಲ ಮೇಲೆ ಸೆರಗು ಹೊದ್ದು ನಿಂತಿದ್ದ ಹುಚ್ಚಮ್ಮ ಮಾತ್ರ ತನ್ನನ್ನು ಯಾರೂ ಕರೆದೇ ಇಲ್ಲವೆಂಬಂತೆ ಪಕ್ಕುಗಳನ್ನು ನೋಡುತ್ತಿದ್ದಳು. ಕರೆದಿರಲಿಲ್ಲವಲ್ಲ.

ನಾಗಾರ್ಜುನ ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಗಾಜಿನ ಬಾಗಿಲು ತೆರೆದ. ಹಿರಿಯರು ಮೊದಲು ನೋಡಲಿ ಅಂದ ಪ್ರದ್ಯುಮ್ನ. ನಾಗಾರ್ಜುನ ವೆಂಕಟಾಚಲರಿಗೂ ಒಂದು ಜೊತೆ ಗವಸು ಕೊಟ್ಟ. ಅವರು ಮಂಗಳಾರತಿ ತಟ್ಟೆ ಹಿಡಿಯುವ ಹಾಗೆ ಎರಡೂ ಕೈ ಒಡ್ಡಿ ಆ ಪಕ್ಕನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿದರು. ಗವಸಿನ ಹತ್ತಿ ಜಾರಿತು. ಪಕ್ಕು ನೆಲಕ್ಕೆ ಬಿದ್ದು, ಅಂಚಿನ ಮೇಲೆ ನಿಂತು, ಗ್ಯಾರೇಜಿನ ಸಿಮೆಂಟಿನ ಮೇಲೆ ತನ್ನ ಪಾಡಿಗೆ ತಾನು ಉರುಳುತ್ತ ಕಾರಿನ ಚಕ್ರ ದಾಟಿ ವಾಷಿಂಗ್ ಮೆಷಿನ್ನಿನ ಹಿಂದಿನ ಸಂದಿಗೆ ಹೋಗಿ ಬಿತ್ತು. ಅಲ್ಲಿ ಪೈಪು ಸೋರಿದ ಕೊಳೆನೀರು, ಬಟ್ಟೆಯ ನೂಲಿನ ಕೆಸರು, ವರ್ಷಗಟ್ಟಲೆಯದು. ಪಚಕ್ ಅಂತ ಶಬ್ದವಾಯಿತು.

ಆ ಶಬ್ದಕ್ಕೆ ನಾಲ್ಕು ಜನ ನಿಂತಲ್ಲೇ ನಿಂತರು, ಒಬ್ಬಳು ಹೊರಟಳು. ಮೊಣಕಾಲಿನ ನೋವಿಗೆ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವ ಹುಚ್ಚಮ್ಮ ಗೋಡೆ ಹಿಡಿಯಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಲೇ ಬಂದಳು, ಕುಕ್ಕರುಗಾಲಲ್ಲಿ ಕೂತಳು, ಮೆಷಿನ್ನಿನ ಹಿಂದೆ ತೋಳು ಪೂರ್ತಿ ಇಳಿಸಿದಳು, ಕೆನ್ನೆ ತಗಡಿಗೆ ಒತ್ತಿ ಕಣ್ಣು ಮುಚ್ಚಿದಳು. ಆ ಕಣ್ಣು ಮುಚ್ಚುವುದನ್ನು ನಾಗಾರ್ಜುನ ಬಲ್ಲ. ಮೈಸೂರಿನ ಒಂದು ಕಾಲೇಜಿನ ಮೈದಾನದ ಪೂರ್ವಕ್ಕೆ ಹಾಸ್ಟೆಲ್ಲಿನ ಹೊಲಸೆಲ್ಲ ಹರಿಯುವ ತೆರೆದ ಚರಂಡಿ ಇತ್ತು. ಮೈದಾನಕ್ಕೆ ನೀರು ಚಿಮುಕಿಸುವುದು, ಸುಣ್ಣದ ಗೆರೆ ಎಳೆಯುವುದು ಹುಚ್ಚಮ್ಮನ ಕೂಲಿ. ಹಾಕಿಯ ಚೆಂಡು ಚರಂಡಿಗೆ ಬಿದ್ದಾಗ ತೆಗೆಯುವುದು ಕೂಲಿಯಲ್ಲ, ಹುಟ್ಟು. "ಏ ಹುಚ್ಚೀ!" ಅಂತ ಒಬ್ಬ ಕೂಗಿದರೆ ಸಾಕು, ಹೀಗೇ ನೆರಿಗೆ ಸಿಕ್ಕಿಸಿ, ಹೀಗೇ ಕಣ್ಣು ಮುಚ್ಚಿ ತೋಳು ಇಳಿಸುತ್ತಿದ್ದಳು. ತೆಗೆದದ್ದನ್ನು ನಲ್ಲಿಯ ಹತ್ತಿರ ಒಯ್ದು ಇಟ್ಟಿಗೆ ಪುಡಿ ಹಾಕಿ ಉಜ್ಜಿ, ಮೂರು ನೀರಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ, ಆಮೇಲೆ ನೆಲದ ಮೇಲೆ ಉರುಳಿಸಬೇಕು. ಕೈಗೆ ಕೊಡುವಂತಿಲ್ಲ. ಹತ್ತು ಮಾರು ಮಣ್ಣಿನ ಮೇಲೆ ಉರುಳಿದರೆ ಅವಳ ಮೈಲಿಗೆ ಮಣ್ಣಿಗೆ ಹೋಗಿ ಚೆಂಡು ಚೊಕ್ಕವಾಯಿತು ಅಂತ ಲೆಕ್ಕ. ಚರಂಡಿಯ ಹೊಲಸು ಇಟ್ಟಿಗೆ ಪುಡಿಗೆ ಹೋಗುತ್ತಿತ್ತು, ಅವಳದು ಹೋಗಲು ಭೂಮಿತಾಯಿಯೇ ಬೇಕಿತ್ತು. ಒಂಬತ್ತು ವರ್ಷದ ನಾಗಾರ್ಜುನ ಒಂದು ದಿನ, ಅಮ್ಮ ತೊಳೆದಿಟ್ಟ ಚೆಂಡನ್ನು ಎತ್ತಿ, ಬಿಳಿ ಅಂಗಿಯ ನಾಯಕನಿಗೆ ನೇರ ಎಸೆದ. ಎಂಥಾ ಎಸೆತ! ಎದೆಯ ಮಟ್ಟಕ್ಕೆ, ಕಣ್ಣು ಮುಚ್ಚಿ ಹಿಡಿಯಬಹುದಾಗಿತ್ತು. ನಾಯಕ ಹಿಡಿಯಲಿಲ್ಲ. ಪಕ್ಕಕ್ಕೆ ಸರಿದ. ಚೆಂಡು ಗೋಡೆಗೆ ಬಡಿಯಿತು. "ಯಾರೋ ನಿಂಗೆ ಎಸೀ ಅಂದೋರು?" ಅಂತ ನಾಯಕ ಗದರಿದ. ಅಮ್ಮ ಓಡಿಬಂದು ಎಲ್ಲರ ಎದುರು ಅವನ ಕೆನ್ನೆಗೆ ಒಂದು ಕೊಟ್ಟಳು, ಚೆಂಡನ್ನು ಮತ್ತೆ ತೊಳೆದಳು, ಮತ್ತೆ ಉರುಳಿಸಿದಳು. ಏಟು ಅವನಿಗೆ ನೆನಪಿಲ್ಲ. ಅವಳು ಅಂದದ್ದು ನೆನಪಿದೆ: ತಪ್ಪಾಯ್ತು ಬುದ್ಧಿ.

ಹುಚ್ಚಮ್ಮ ಪಕ್ಕನ್ನು ಹೊರಗೆ ತೆಗೆದು ಸಿಂಕಿನ ಹತ್ತಿರ ಹೋಗುತ್ತಿದ್ದಳು. ಇನ್ನು ಏನಾಗುತ್ತದೆ ಅನ್ನುವುದು ಈ ಗ್ಯಾರೇಜಿನಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಉಳಿದವರು ಅವಳು ಕೆಸರು ಕೊಡವಿ ಕೊಡುತ್ತಾಳೆ ಅಂತ ಕೈ ಚಾಚಿ ಕಾಯುತ್ತಿದ್ದರು. ಅಮ್ಮಾ, ತೊಳೀಬೇಡ. ಎರಡು ಮಾತು. ನಾಲಿಗೆಯ ತುದಿಯಲ್ಲಿತ್ತು. ಸಿಂಕಿನ ಅಂಚಿನಲ್ಲಿ ಪಾತ್ರೆ ತಿಕ್ಕುವ ಸ್ಟೀಲು ನಾರು ಇತ್ತು, ಅವಳ ಕೈ ಅದಕ್ಕೆ ಹೋಯಿತು. ಬಿಸಿನೀರಿನ ನಲ್ಲಿ ತಿರುಗಿತು. ಎರಡು ಮಾತು, ಅಷ್ಟೇ, ಇಪ್ಪತ್ತಮೂರರಲ್ಲೇ ಅಮೂಲ್ಯವಾದದ್ದು ಉಳಿಯುತ್ತಿತ್ತು. ಹತ್ತೊಂಬತ್ತು ವರ್ಷವೂ ಉಳಿಯುತ್ತಿತ್ತು, ಬಡ್ತಿಯೂ, ಹದಿನೆಂಟು ಮನೆಗಳೂ. ಅವನು ಬಾಯಿ ತೆರೆಯಲಿಲ್ಲ. ನಾರು ರಬ್ಬರಿನ ಮೇಲೆ ಸರಬರ ಓಡಾಡುವ ಸದ್ದನ್ನು ಕೇಳುತ್ತ ನಿಂತ. ಒಂದು ನೀರು. ಎರಡು ನೀರು. ಬೇಕಂತಲೇ ಸುಮ್ಮನಿದ್ದೇನೆಯೇ, ಇಲ್ಲ ಹೆದರಿ ಸುಮ್ಮನಿದ್ದೇನೆಯೇ ಅಂತ ತನ್ನನ್ನೇ ಕೇಳಿಕೊಂಡ. ಉತ್ತರ ಬರುವ ಮುಂಚೆ ಮೂರನೇ ನೀರೂ ಮುಗಿಯಿತು. ಅವಳು ಸೆರಗಿನಲ್ಲಿ ಒರೆಸಿದಳು, ಬಂದಳು, ಎಂಟು ಹೆಜ್ಜೆ ದೂರದಲ್ಲೇ ನಿಂತು ಕುಕ್ಕರುಗಾಲಲ್ಲಿ ಕೂತಳು. ಮುಖ ಪಕ್ಕಕ್ಕೆ ತಿರುಗಿಸಿ ಪಕ್ಕನ್ನು ಉರುಳಿಸಿದಳು. ಅದು ನೇರವಾಗಿ, ಒಂದಿಷ್ಟೂ ಓಲಾಡದೆ ಬಂದು, ವೆಂಕಟಾಚಲರ ಕಾಲಿನ ಹತ್ತಿರ ಮಗುಚಿ ಬಿತ್ತು. ಎಷ್ಟು ವರ್ಷದ ಕೈ!

ವೆಂಕಟಾಚಲ ಕಾಲು ಹಿಂದಕ್ಕೆ ತೆಗೆದುಕೊಂಡರು.

ಬರೀ ಗೇಣುದ್ದ. ಯೋಚಿಸಿ ತೆಗೆದದ್ದಲ್ಲ. ಹುಚ್ಚಮ್ಮನ ಕೈಗೆ ಹೇಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವೋ ಅವರ ಕಾಲಿಗೂ ಹಾಗೆಯೇ. ಒಬ್ಬರ ಮೂಳೆ ಇನ್ನೊಬ್ಬರ ಮೂಳೆಯನ್ನು ಗುರುತು ಹಿಡಿಯಿತು. ಒಂಬತ್ತು ಸಾವಿರ ಮೈಲಿ ದೂರದ ಸಿಮೆಂಟಿನ ಮೇಲೆ, ದೇಶವಲ್ಲದ ದೇಶದಲ್ಲಿ, ಚೀಟಿಯಿಲ್ಲದೆ, ಸಂಖ್ಯೆಯಿಲ್ಲದೆ. ಅವರ ಕಣ್ಣು ಕಪ್ಪು ಬಿಲ್ಲೆಯಿಂದ ಹುಚ್ಚಮ್ಮನಿಗೆ, ಅವಳಿಂದ ನಾಗಾರ್ಜುನನಿಗೆ ಬಂದು ನಿಂತಿತು. ಆಗ ನಾಗಾರ್ಜುನನಿಗೆ ವಿಮಾನ ಇಳಿಯುವಾಗ ಗಂಟೆಗಟ್ಟಲೆ ಕಟ್ಟಿದ್ದ ಕಿವಿ ಫಟ್ಟಂತ ತೆರೆದ ಹಾಗಾಯಿತು. ಗ್ಯಾರೇಜಿನ ಸದ್ದುಗಳೆಲ್ಲ ಒಮ್ಮೆಗೇ ಕೇಳಿದವು, ಸಿಂಕಿನ ನಲ್ಲಿ ತೊಟ್ಟಿಕ್ಕುವುದು, ಆಚೆ ರಸ್ತೆಯಲ್ಲಿ ಯಾರೋ ನಾಯಿಯನ್ನು ಕರೆಯುವುದು, ತನ್ನದೇ ಉಸಿರು. ಹೆದರಿಕೆ ಬರಲಿ ಅಂತ ಕಾದ. ಬರಲಿಲ್ಲ. ನಾಚಿಕೆಯಾದರೂ ಬರಲಿ ಅಂತ ಕಾದ. ಬಂದದ್ದು ಎರಡೂವರೆ ಗಂಟೆಗೆ ಹೇಳಿದ ಆ ಒಂದು ಹೆಸರಿನ ನಾಚಿಕೆ ಮಾತ್ರ.

"ಅಯ್ಯಯ್ಯೋ!" ಪ್ರದ್ಯುಮ್ನ ಮಂಡಿಯೂರಿ ಪಕ್ಕಿನ ಮೇಲೆ ಬಗ್ಗಿದ್ದ. ಕೆಂಪು ಹೋಗಿತ್ತು. ಮಿರುಗುವ ಚೀಟಿಯ ಜಾಗದಲ್ಲಿ ಬೂದುಬಣ್ಣದ ಅಂಟು. ಪಕ್ಕು ಹೊಚ್ಚ ಹೊಸದಾಗಿ, ಒದ್ದೆಯಾಗಿ, ಯಾರಿಗೂ ಸೇರದ್ದರ ಹಾಗೆ ಹೊಳೆಯುತ್ತಿತ್ತು. "ಯಾರು ತೊಳೀರಿ ಅಂದ್ರು ಆಂಟಿ ನಿಮಗೆ? ಛೆ ಛೆ ಛೆ! ಒರೆಸೋಕೂ ಹೋಗ್ಬಾರ್ದು ಇದನ್ನ!"

ಹುಚ್ಚಮ್ಮ ಎದ್ದು ನಿಂತು ಮಗನ ಮುಖ ನೋಡಿದಳು. ಹೂಂ ಅನ್ನಬೇಕೋ ಇಲ್ಲ ಅನ್ನಬೇಕೋ ಅಂತ ಕೇಳುವ ನೋಟ. ನಾಗಾರ್ಜುನ ಏನೂ ಹೇಳಿಕೊಡಲಿಲ್ಲ. ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಹಲ್ಲಿಲ್ಲದ ಕಡೆ ಸೆರಗು ಒತ್ತಿಕೊಂಡು ನಕ್ಕಳು.

"ಅಲ್ಲಪ್ಪ, ಆಗ ತೊಳೀದೇ ಕೊಟ್ರೆ ಬಯ್ಯೋರು. ಈಗ ತೊಳ್ದು ಕೊಟ್ರೆ ಬಯ್ತಾರೆ. ಏನ್ ಜನಾನೋ, ನಂಗಂತೂ ತಿಳೀಲಿಲ್ಲ."

"ಆಗ ಅಂದ್ರೆ ಯಾವಾಗ?" ವೆಂಕಟಾಚಲ ಕೇಳಿದರು, ಮೆಲ್ಲಗೆ.

"ಮೈದಾನದಲ್ಲಿ. ಚರಂಡಿಗ್ ಬಿದ್ದಿದ್ ಚೆಂಡ. ಇಪ್ಪತ್ತೆಂಟು ವರ್ಸ ತೆಗ್ದಿವ್ನಿ."

ಮೈಥಿಲಿ ಗಂಡನ ಮುಖ ನೋಡಿದಳು. ಪ್ರದ್ಯುಮ್ನ ಪಕ್ಕಿನತ್ತ ಚಾಚಿದ್ದ ಕೈಯನ್ನು ಯಾಕೋ ಹಾಗೇ ಮಡಚಿಕೊಂಡು ಎದ್ದು ನಿಂತ. "ಹೇಮಾವತಿ ಅಂತ ಅಂದ್ರಿ..." ಅಂತ ವೆಂಕಟಾಚಲ ಶುರುಮಾಡಿದರು.

"ಹುಚ್ಚಮ್ಮ," ಅಂದ ನಾಗಾರ್ಜುನ. ಅವನಿಗೇ ಕೇಳಿಸದಷ್ಟು ಮೆಲ್ಲಗೆ ಬಂತು. ಮತ್ತೆ, ಜೋರಾಗಿ ಹೇಳಿದ. "ನಮ್ಮಮ್ಮನ ಹೆಸರು ಹುಚ್ಚಮ್ಮ. ನಾನು ಸುಳ್ಳು ಹೇಳ್ದೆ. ಸರಸ್ವತಿಪುರಂ ಹತ್ರ ಅಲ್ಲ ನಮ್ಮನೆ. ರೈಲ್ವೆ ಹಳಿಯ ಆಚೆ, ಕೇರಿ."

ಅಡುಗೆಮನೆಯ ಬಾಗಿಲಿನಿಂದ ಗಾರ್ಗಿ "ಫೈನಲಿ!" ಅಂದಳು.

ಆಮೇಲಿನದು ಅವನಿಗೆ ನೀರಿನಡಿಯಿಂದ ನೋಡಿದ ಹಾಗೆ, ಆದರೆ ತಿಳಿನೀರಿನಡಿಯಿಂದ. ಪ್ರದ್ಯುಮ್ನ ಅವನ ಭುಜದ ಮೇಲೆ ಕೈ ಹಾಕಿ, ತೆಗೆದು, ಮತ್ತೆ ಹಾಕಿದ. "ನೋಡು ಮಗಾ, ನಾವೆಲ್ಲ ಅದನ್ನ ನಂಬೋರಲ್ಲ. ನಿಂಗೇ ಗೊತ್ತು. ನಥಿಂಗ್ ಚೇಂಜಸ್. ಆದ್ರೆ ಗ್ರೂಪಲ್ಲಿ ಎಲ್ಲಾ ಒಂದೇ ಥರ ಇರಲ್ಲ ನೋಡು, ನೀನಾಗಿ ಹೇಳ್ಕೊಂಡು ಹೋಗೋದೇನೂ ಬೇಡ. ನಂಗೂ ಮುಜುಗರ, ನಿಂಗೂ ಮುಜುಗರ." ಮೈಥಿಲಿ ವಾಚು ನೋಡಿಕೊಂಡಳು. "ನಾಳೆ ಲಿವರ್‌ಮೋರ್ ಅಂದ್ರೆ ಒಂದು ಗಂಟೆ ಡ್ರೈವು. ಆ ಬಿಸಿಲು, ಆ ಗುಡ್ಡ. ಆಂಟಿಗೆ ಮಂಡಿ ನೋವು ಬೇರೆ, ಅಲ್ವಾ? ಇನ್ನೊಂದ್ಸಲ ನೋಡೋಣ." ಕೋಡುಬಳೆ ತಿನ್ನುವಾಗ ಇಲ್ಲದ ಬಿಸಿಲು, ಇಲ್ಲದ ಗುಡ್ಡ. ಎಷ್ಟು ನಯವಾಗಿ ಬಾಗಿಲು ಮುಚ್ಚುತ್ತಾರೆ, ಕೀಲು ಕಿರುಗುಟ್ಟುವುದೂ ಇಲ್ಲ! ಇಷ್ಟು ವರ್ಷ ಇದೇ ಬಾಗಿಲಿಗೆ ಅವನು ಬೆನ್ನು ಕೊಟ್ಟು ಒತ್ತಿ ನಿಂತಿದ್ದ, ಎಲ್ಲಿ ಮುಚ್ಚೀತೋ ಅಂತ. ಇಪ್ಪತ್ತಮೂರು ರಬ್ಬರನ್ನು ಒತ್ತು ಕೊಟ್ಟು ನಿಲ್ಲಿಸಿದ್ದ. ಅಮ್ಮ ಮೊದಲ ದಿನವೇ ಸರಿಯಾಗಿ ಹೇಳಿದ್ದಳು. ಈಗ ಬೆನ್ನು ತೆಗೆದಿದ್ದ, ಬೆನ್ನಿಗೆ ಗಾಳಿ ತಾಗುತ್ತಿತ್ತು. ಬಡ್ತಿ ಹೋಗಬಹುದು. ಹೋದರೆ ಯಾಕೆ ಹೋಯಿತು ಅಂತ ಎದ್ದುನಿಂತು ಕೇಳಬಹುದು. ಬಚ್ಚಿಟ್ಟುಕೊಂಡವನು ಏನನ್ನು ಕೇಳಿಯಾನು? ಕೇಳುವುದಕ್ಕೂ ಮೊದಲು ಒಂದು ಹೆಸರು ಬೇಕು. ವಿಭಾ ಬಂದಾಗ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳಲು ನೋಡಿದ. ಜೋಡಿಸುವುದೇ ಬೇಕಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಆಯಿತು ಅನ್ನಿಸಿ ನಗು ಉಕ್ಕಿತು.

ಗ್ಯಾರೇಜಿನ ನಡುವೆ ಪಕ್ಕು ಹಾಗೇ ಬಿದ್ದಿತ್ತು. ಎಲ್ಲರೂ ಅದನ್ನು ನೋಡದಂತೆ ನೋಡುತ್ತ, ಸುತ್ತು ಹಾಕಿ ನಿಂತಿದ್ದರು. ಅರ್ಧ ಗಂಟೆಯ ಹಿಂದೆ ಗಾಜಿಗೆ ಮೂಗು ಒತ್ತಿದವನು ಈಗ ಅದರ ಪಕ್ಕದಲ್ಲೇ ನಿಂತು ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದ. ಒಳಗೆ ಹೋಗಲು ಅದನ್ನು ದಾಟಬೇಕು. ಯಾರೂ ದಾಟಲಿಲ್ಲ. ಗಾರ್ಗಿ ಮೆಟ್ಟಿಲು ಇಳಿದು ಬಂದು ಅದರತ್ತ ಹೆಜ್ಜೆಯಿಟ್ಟಳು. ನಾಗಾರ್ಜುನ ಅವಳ ಕೈ ಹಿಡಿದು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡ. "ಬಿಡು ಮಗಳೆ," ಅಂದ. "ಅಲ್ಲೇ ಇರ್ಲಿ."

ವೆಂಕಟಾಚಲ ಗವಸುಗಳನ್ನು ಒಂದೊಂದೇ ಬೆರಳು ಎಳೆದು ಬಿಚ್ಚಿ ಕಾರಿನ ಬಾನೆಟ್ಟಿನ ಮೇಲಿಟ್ಟರು. ಅವರ ದನಿ ಈಗಲೂ ಮೃದುವಾಗಿಯೇ ಇತ್ತು, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸಾಲ ಇಲ್ಲ ಅಂತ ಹೇಳಿದ ದನಿ. ಹುಚ್ಚಮ್ಮನ ಕಡೆ ಪೂರ್ತಿ ತಿರುಗದ ಹಾಗೆ ಮುಖ ಮಾಡಿ, "ಅದನ್ನ ಎತ್ತಿ ಆ ಕಡೆ ಇಡಮ್ಮ," ಅಂದರು. "ದಾರೀಲಿ ಬಿದ್ದಿದೆ. ಯಾರಾದ್ರೂ ಎಡವಿಬಿಟ್ಟಾರು."

ಹುಚ್ಚಮ್ಮನ ಮಂಡಿ ಬಾಗತೊಡಗಿದ್ದನ್ನು ನಾಗಾರ್ಜುನ ಕಂಡ. ಕೈ ಆಗಲೇ ನೆರಿಗೆಗೆ ಹೋಗಿತ್ತು. ಮೈದಾನದ ಆ ಮಧ್ಯಾಹ್ನ, ಬಿಳಿ ಅಂಗಿ, ಗೋಡೆಗೆ ಬಡಿದ ಚೆಂಡು. ಈಗ ಅವಳ ಬಾಯಿಂದ ಆ ಮಾತು ಬರುತ್ತದೆ, ಎತ್ತಿದೆ ಬುದ್ಧಿ ಅನ್ನುತ್ತಾಳೆ ಅಂತ ಅವನು ಹಲ್ಲು ಕಚ್ಚಿಕೊಂಡ. ಮಂಡಿ ಅರ್ಧಕ್ಕೆ ನಿಂತಿತು. ಅವಳು ನೆರಿಗೆಯನ್ನು ಸೊಂಟದಿಂದ ಬಿಡಿಸಿ ಕೆಳಗೆ ಬಿಟ್ಟಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಗೋಡೆ ಹಿಡಿದು ನೆಟ್ಟಗಾದಳು. ಆ ದೊಡ್ಡ ಮನುಷ್ಯನ ಮುಖವನ್ನು ನೇರ ನೋಡಿದಳು, ಎಷ್ಟೋ ಹೊತ್ತು, ಯಾರ ಮಗನೋ ಅಂತ ಗುರುತು ಹಿಡಿಯುವವಳ ಹಾಗೆ.

"ನಾ ಎತ್ತಾಕಿಲ್ಲ ಕಣಯ್ಯಾ," ಅಂದಳು. "ನಿನ್ ಕಾಲ್ತಾವೇ ಅದಲ್ಲ. ನೀನೇ ಎತ್ಕೊ."